ಎತ್ತಿಕೊಡುವ ಮೇಷ್ಟರು

"ಗುರುಗಳೇ, ಮಕ್ಕಳಿಗೆ ಸಂಗೀತ ಕಲಿಸಲು ಯಾವ ಕ್ರಮ ಸರಿ?" ಎಂದು ಶಿಷ್ಯ ಕೇಳಿದ.

ಅವನ ಹೆಸರು ಪದ್ಮರಾಜ. ಒಂದು ಶಾಲೆಯಲ್ಲಿ ಹಾಡು ಕಲಿಸುತ್ತಿದ್ದ. ರಜೆ ಬಂದಾಗಲೆಲ್ಲ ಗುರುಗಳ ಬಳಿಗೆ ಬಂದು ಇದನ್ನೇ ಕೇಳುತ್ತಿದ್ದ. "ಒಬ್ಬ ಸಂಶೋಧಕರು ಸ್ವರ ಮೊದಲು ಎನ್ನುತ್ತಾರೆ. ಇನ್ನೊಬ್ಬರು ಹಾಡು ಮೊದಲು ಎನ್ನುತ್ತಾರೆ. ಎರಡನ್ನೂ ಮಾಡಿ ನೋಡಿದೆ. ಮಕ್ಕಳು ಇದ್ದಲ್ಲೇ ಇದ್ದಾರೆ."

"ಹೋದ ರಜೆಯಲ್ಲಿ ಹೇಳಿದ್ದು ನಿನ್ನ ತಲೆಗೆ ಹೋಗಲಿಲ್ಲ" ಎಂದರು ಗುರುಗಳು. "ಕತೆಯಾದರೂ ಹೋಗುತ್ತದೆಯೋ ನೋಡೋಣ. ಕೂತುಕೋ."

ಒಂದು ಊರಿನಲ್ಲಿ ಒಬ್ಬ ಸಂಗೀತದ ಮೇಷ್ಟರಿದ್ದರು. ಒಳ್ಳೆಯ ಹಾಡುಗಾರರು. ಸೋಮಾರಿಯಲ್ಲ. ಅಪಸ್ವರ ಕೇಳಿದರೆ ಅವರಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ಮಗುವಿನ ದನಿ ಕೊಂಚ ಜಾರಿದರೆ ಸಾಕು, ಆ ಸಾಲನ್ನು ತಾವೇ ಹಾಡಿ ಎತ್ತಿಕೊಡುತ್ತಿದ್ದರು. ಮಗು ಅವರ ದನಿಯೊಳಗೆ ಸೇರಿಕೊಂಡು ಮುಂದೆ ಹೋಗುತ್ತಿತ್ತು. ಬೀದಿಯಲ್ಲಿ ಹೋಗುವವರಿಗೆ ಪಾಠ ಚೆನ್ನಾಗಿಯೇ ಕೇಳಿಸುತ್ತಿತ್ತು.

ಅವರ ಬಳಿ ಒಬ್ಬ ಬಟ್ಟೆ ವ್ಯಾಪಾರಿಯ ಮಗಳು ಕಲಿಯುತ್ತಿದ್ದಳು. ಹಾಡುವುದು ಬಿಟ್ಟರೆ ಅವಳಿಗೆ ಬೇರೆ ಆಸೆಯಿರಲಿಲ್ಲ. ಪಟ್ಟಣದಲ್ಲಿ ಒಬ್ಬ ವಿದುಷಿ ಇದ್ದರು. ಪರೀಕ್ಷೆ ಮಾಡಿ, ಕೆಲವರನ್ನು ಮಾತ್ರ ಮನೆಯಲ್ಲಿಟ್ಟುಕೊಂಡು ಕಲಿಸುತ್ತಿದ್ದರು. "ಆಯಮ್ಮ ಸೇರಿಸಿಕೊಂಡರೆ ಹಾಡು. ಇಲ್ಲವಾದರೆ ಅಂಗಡಿಯಲ್ಲಿ ಕೂರು" ಎಂದು ತಂದೆ ಮಗಳಿಗೆ ಹೇಳಿಬಿಟ್ಟಿದ್ದ.

ಮೇಷ್ಟರಿಗೆ ಶಿಕ್ಷಣ ಸಮ್ಮೇಳನಗಳಿಗೆ ಹೋಗುವ ಅಭ್ಯಾಸವಿತ್ತು. ಒಂದು ವರ್ಷ ಅಲ್ಲಿ ಒಬ್ಬ ಪಂಡಿತರು, ಮಗು ಅಕ್ಷರಕ್ಕಿಂತ ಮೊದಲು ಮಾತು ಕಲಿಯುತ್ತದೆ, ಆದ್ದರಿಂದ ಸ್ವರಕ್ಕಿಂತ ಮೊದಲು ಹಾಡು ಕಲಿಸಬೇಕು ಎಂದರು. ಮೇಷ್ಟರು ಊರಿಗೆ ಬಂದು ಸ್ವರಾಭ್ಯಾಸದ ಸರಳೆ ವರಸೆ ನಿಲ್ಲಿಸಿದರು. ಮರುವರ್ಷ ಇನ್ನೊಬ್ಬರು, ತಾಳ ಮೊದಲು ಮೈಯಲ್ಲಿ ಇಳಿಯಬೇಕು ಎಂದರು. ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತ ಹಜಾರ ಸುತ್ತಿದರು. ಆಮೇಲೆ ಸ್ವರಗಳನ್ನು ಬರೆದು ಓದಿಸುವ ಕ್ರಮ ಬಂತು. ಕ್ರಮ ಬದಲಾದಾಗಲೆಲ್ಲ ಪಾಠ ಮೊದಲಿನಿಂದ ಶುರುವಾಗುತ್ತಿತ್ತು. ಹೊಸ ಅಡಿಪಾಯದ ಮೇಲೆ ಹಳೆಯ ಗೋಡೆ ನಿಲ್ಲುವುದಿಲ್ಲ ಎಂದು ಮೇಷ್ಟರು ನಂಬಿದ್ದರು. ಹಾಡು ಬಂದವಳೂ ಹಾಡು ಬಾರದವರ ಜೊತೆ ಕೂರಬೇಕಾಯಿತು.

ವ್ಯಾಪಾರಿಗೆ ತಾಳ್ಮೆ ತಪ್ಪಿತು. "ನಮ್ಮ ಅಂಗಡಿಗೂ ಕೆಲವರು ಬರ್ತಾರೆ ಮೇಷ್ಟ್ರೇ. ಇರೋ ಸೀರೆಯೆಲ್ಲ ಬಿಚ್ಚಿಸಿ ನೋಡ್ತಾರೆ. ಒಂದನ್ನೂ ತಗೊಳ್ಳೋದಿಲ್ಲ."

"ಇದು ವ್ಯಾಪಾರ ಅಲ್ಲ ಯಜಮಾನರೇ, ಸಂಶೋಧನೆ" ಎಂದರು ಮೇಷ್ಟರು.

ಕೊನೆಗೆ ಒಂದು ಸಮ್ಮೇಳನದಲ್ಲಿ, ಮಗು ಒಬ್ಬಂಟಿಯಾಗಿ ಹಾಡಬೇಕು, ಕಲಿಸುವವನು ಬಾಯಿ ಮುಚ್ಚಿಕೊಂಡಿರಬೇಕು ಎಂದು ಒಬ್ಬರು ಹೇಳಿದರು. ಮೇಷ್ಟರಿಗೆ ಇದು ಬಹಳ ಹಿಡಿಸಿತು. ಊರಿಗೆ ಬಂದು, ಕಲಿಸುವವನ ಮೌನದ ಮಹತ್ವವನ್ನು ಪಾಠದ ಹೊತ್ತೆಲ್ಲ ಮಕ್ಕಳಿಗೆ ವಿವರಿಸಿದರು. ಮರುದಿನ ವ್ಯಾಪಾರಿಯ ಮಗಳೊಬ್ಬಳನ್ನೇ ಕೂರಿಸಿ ಹಾಡಿಸಿದರು. ಪಲ್ಲವಿ ಮುಗಿಯುವ ಮೊದಲೇ ಅವರ ದನಿ ಸೇರಿತು. ಹುಡುಗಿ ತಿರುಗಿ ನೋಡಿದಳು. "ನಾನು ಹಾಡಲಿಲ್ಲಮ್ಮ, ಬರೀ ಎತ್ತಿಕೊಟ್ಟೆ" ಎಂದರು.

ಪರೀಕ್ಷೆಯ ದಿನ ಬಂತು. ಮೇಷ್ಟರೇ ಅವಳನ್ನು ಪಟ್ಟಣಕ್ಕೆ ಕರೆದೊಯ್ದರು. ವಿದುಷಿ "ಹಾಡು" ಎಂದರು. ಹುಡುಗಿ ಬಾಯಿ ತೆರೆದು ಕಾದಳು. ಹಿಂದಿನಿಂದ ಮೇಷ್ಟರು ಎತ್ತಿಕೊಟ್ಟರು.

"ಸೇರೋಕೆ ಬಂದಿರೋದು ನೀವೋ, ಇವಳೋ?" ಎಂದು ಕೇಳಿ ವಿದುಷಿ ಅವರನ್ನು ಜಗಲಿಗೆ ಕಳಿಸಿದರು.

ಹುಡುಗಿ ಒಬ್ಬಳೇ ಹಾಡಿದಳು. ರೂಢಿಯಾಗಿದ್ದ ತಗ್ಗು ಶ್ರುತಿಯಲ್ಲಿ ದನಿ ಉಸಿರುಗಟ್ಟಿದಂತಿತ್ತು. ವಿದುಷಿ ತಂಬೂರಿಯ ಬಿರಡೆಗಳನ್ನು ತಿರುವಿ ಶ್ರುತಿಯನ್ನು ಮೇಲೆ ಏರಿಸಿದರು. "ಈಗ ಹಾಡು" ಎಂದರು. ದನಿ ತೆರೆದುಕೊಂಡಿತು. ಹುಡುಗಿ ತಾನೇ ಬೆಚ್ಚಿದಳು. ಆದರೆ ಒಂದು ಸಾಲು ಮುಗಿದದ್ದೇ ನಿಂತಳು. ಮುಂದಿನ ಸಾಲನ್ನು ಯಾರಾದರೂ ಎತ್ತಿಕೊಡಲಿ ಎಂದು ಕಾದಳು. ಮತ್ತೆ ಹಾಡಿಸಿದರೂ ಅಲ್ಲಿಯೇ ನಿಂತಳು.

ವಿದುಷಿ ಜಗಲಿಗೆ ಬಂದರು. "ಇವಳ ದನಿ ಎತ್ತರದ್ದು. ಇಷ್ಟು ವರ್ಷ ಯಾವ ಶ್ರುತಿಯಲ್ಲಿ ಹಾಡಿಸಿದಿರಿ?"

"ನನ್ನ ಶ್ರುತಿಯಲ್ಲಿ."

"ಯಾಕೆ?"

"ಎತ್ತಿಕೊಡಬೇಕಲ್ಲಮ್ಮ" ಎಂದರು ಮೇಷ್ಟರು.

ವಿದುಷಿ ಹಣೆ ಒತ್ತಿಕೊಂಡರು. "ಕಲಿಯದವಳನ್ನು ಕಳಿಸಿದ್ದರೆ ಕಲಿಸುತ್ತಿದ್ದೆ. ಕಾಯುವುದನ್ನು ಕಲಿತವಳಿಗೆ ಅದನ್ನು ಬಿಡಿಸುತ್ತ ಕೂರುವ ವಯಸ್ಸು ನನ್ನದಲ್ಲ" ಎಂದು ಒಳಗೆ ಹೋದರು.

ಬಸ್ಸಿನಲ್ಲಿ ಹುಡುಗಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮೇಷ್ಟರು ಬಹಳ ಹೊತ್ತು ಯೋಚಿಸಿದರು. ಆಮೇಲೆ, "ಶ್ರುತಿಯ ವಿಷಯವಾಗಿ ಮುಂದಿನ ಸಮ್ಮೇಳನದಲ್ಲಿ ಒಂದು ಪ್ರಬಂಧ ಓದಬೇಕು" ಎಂದರು. ಊರಿಗೆ ಬಂದ ಮೇಲೆ ಹುಡುಗಿ ಅಂಗಡಿಯಲ್ಲಿ ಕೂತಳು.

ಗುರುಗಳು ಕತೆ ನಿಲ್ಲಿಸಿದರು.

ಪದ್ಮರಾಜ ಬೆರಳು ಮಡಚಿ ಕ್ರಮಗಳನ್ನು ಲೆಕ್ಕ ಹಾಕಿದ. "ಹಾಗಾದರೆ ಕೊನೆಯ ಪಂಡಿತರು ಹೇಳಿದ್ದೇ ಸರಿಯಾದ ಕ್ರಮ. ಅಲ್ಲವೇ ಗುರುಗಳೇ?"

ಗುರುಗಳು ಕಣ್ಣು ಮುಚ್ಚಿಕೊಂಡರು. ಅವನು ಉತ್ತರಕ್ಕೆ ಕಾದ.

"ನಿನ್ನ ಶಾಲೆಯಲ್ಲಿ ಯಾವುದಾದರೂ ಒಂದು ಮಗುವಿನ ದನಿ ಹೇಗಿದೆ, ಹೇಳು" ಎಂದರು.

"ಯಾವ ಕ್ರಮದಲ್ಲಿ ಕಲಿತ ಮಗು, ಗುರುಗಳೇ?" ಎಂದ ಪದ್ಮರಾಜ.