ಇನ್ನೂರು ಗಜ

ಬಾಯಿಂದ ಮದ್ದು ತುಂಬುವ ಕೋವಿಯ ಪಕ್ಕದಲ್ಲೇ ಎರಡು ಗುಂಡುಗಳಿಗೆ ಜಗಳ ಹತ್ತಿತು. ಕಣಿವೆಯಾಚೆ ನಿಂತ ಕಾಡುಹಂದಿಯ ಮೇಲೆ ಯಾರು ಹೋಗಬೇಕು?

“ನಾನು ಇನ್ನೂರು ಗಜ ಹಾರುತ್ತೇನೆ!” ಚೂಪು ಗುಂಡು ಕಣಿವೆಗೆಲ್ಲ ಕೇಳುವಂತೆ ಕೂಗಿತು. “ತಾವೆಷ್ಟು, ಉಂಡೆರಾಯರೇ?”

“ಎಂಬತ್ತು. ಆದರೆ ಹೇಳಿದಲ್ಲಿಗೇ ಹೋಗುತ್ತೇನೆ,” ಎಂದಿತು ಉಂಡೆ ಗುಂಡು.

ಬೇಟೆಗಾರ ಬೋಪಣ್ಣನಿಗೆ ಇನ್ನೂರೇ ರುಚಿಸಿತು. ಚೂಪು ಗುಂಡನ್ನು ನಳಿಗೆಗೆ ಹಾಕಿ, ಉದ್ದನೆಯ ಸರಳಿನಿಂದ ಒಳಕ್ಕೆ ಜಡಿದ. ಆ ಸರಳಿನ ಹೆಸರೂ ಗಜವೇ.

“ಸ್ವಾಮೀ, ನಾನಿನ್ನೂ ಒಳಗೇ ಇದ್ದೇನೆ!” ಎಂದು ಗಜ ಅರಚುವಷ್ಟರಲ್ಲಿ ಬೋಪಣ್ಣ ಈಡು ಹಾರಿಸಿಬಿಟ್ಟ.

ಗುಂಡು ಎತ್ತಲೋ ಹೋಯಿತು. ಗಜ ಮಾತ್ರ ಕಣಿವೆ ದಾಟಿ ಹಂದಿಯ ಮುಂದೆ ಕೆಸರಿಗೆ ನಾಟಿಕೊಂಡಿತು.

ಹಂದಿ ಅದಕ್ಕೆ ಬೆನ್ನು ತಿಕ್ಕುತ್ತ ಕೂಗಿತು: “ಇನ್ನೂರು ಗಜ ಅಂದಿರಲ್ಲ, ಒಂದೇ ಬಂತು! ಉಳಿದವನ್ನು ಯಾವಾಗ ಕಳಿಸುತ್ತೀರಿ?”