ಒಬ್ಬನಿಗೇ ಗೊತ್ತಿದ್ದ ಕೆಲಸ

ಫಕೀರೇಶ ಆಶ್ರಮಕ್ಕೆ ಬಂದಾಗ ಅಲ್ಲಿಯ ಗುರುಗಳಾದ ಅಜ್ಜ ಹೊಳೆಯ ಮೆಟ್ಟಿಲ ಮೇಲೆ ಕೂತು ಧೋತರ ಒಗೆಯುತ್ತಿದ್ದರು.

"ಅಜ್ಜಾರ, ನನಗ ಶಾಂತಿ ಬೇಕ್ರಿ," ಎಂದ ಫಕೀರೇಶ.

ಅಜ್ಜ ತಲೆಯೆತ್ತಲಿಲ್ಲ. "ಅದಲ್ಲ. ಖರೆ ಹೇಳು. ಏನ್ ಬೇಕು?"

ಫಕೀರೇಶ ನೀರು ನೋಡುತ್ತ ನಿಂತ.

"ನೌಕರಿ ಬೇಕ್ರಿ."

"ಹಾಂ. ಈಗ ಕುಂದ್ರು."

ಅವನಿಗೆ ನಲವತ್ತೊಂದು ವರ್ಷ. ಹದಿನಾರು ವರ್ಷ ಒಂದೇ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದಿದ್ದ. ಕೆಲಸ ಹೋಗಿ ಒಂಬತ್ತು ತಿಂಗಳಾಗಿತ್ತು. ಅರ್ಜಿ ಹಾಕಿದ ಕಡೆಯೆಲ್ಲ "ತಿಳಿಸುತ್ತೇವೆ" ಎಂದಿದ್ದರು. ಯಾರೂ ತಿಳಿಸಿರಲಿಲ್ಲ. ಹೆಂಡತಿ ಶಾಲೆಯಲ್ಲಿ ಟೀಚರ್. ಅವಳೇ ಹೇಳಿ ಕಳಿಸಿದ್ದಳು: "ದಿನಾ ಗ್ವಾಡಿ ನೋಡಕೋತ ಕುಂದ್ರೂದಕ್ಕಿಂತ ಅಜ್ಜಾರ ಹಂತ್ಯಾಕ ಸ್ವಲ್ಪ ದಿನ ಇದ್ದು ಬರ್ರಿ."

"ಏನ್ ಕೆಲಸ ಮಾಡ್ತಿದ್ದಿ?" ಅಜ್ಜ ಕೇಳಿದರು.

"ಒಂದು ವಿಮಾ ಕಂಪನೀದು ಹಳೇ ಪ್ರೋಗ್ರಾಂ ಇತ್ರಿ. ನಾ ಹುಟ್ಟೂಕಿಂತ ಮೊದಲು ಬರೆದದ್ದು. ಅದು ಕೆಟ್ಟು ನಿಂತಾಗೊಮ್ಮೆ ನಾ ಸರಿ ಮಾಡ್ತಿದ್ದೆ."

"ಬ್ಯಾರೆ ಯಾರಿಗೂ ಬರ್ತಿರಲಿಲ್ಲೇನು?"

"ಇಲ್ರಿ. ನನಗೊಬ್ಬನಿಗೇ ಗೊತ್ತಿತ್ತು."

ಹಾಗೆನ್ನುವಾಗ ಅವನ ಬೆನ್ನು ತಾನಾಗಿ ನೆಟ್ಟಗಾಯಿತು.

"ಯಾರಿಗರೆ ಕಲಿಸಿದ್ದೇನು?"

"ಇಲ್ರಿ."

"ಬರದಿಟ್ಟಿದ್ದೇನು?"

"ಇಲ್ರಿ. ಬರದಿಟ್ರ ನನ್ನ ಯಾಕ ಇಟ್ಕೋತಾರ್ರಿ?"

"ಮತ್ತ ಹೆಂಗ ಹೋತು?"

"ಆ ಪ್ರೋಗ್ರಾಮನ್ನ ತಗದು ಒಗದ್ರು. ಹೊಸಾದು ತಂದ್ರು. ಒಂದು ಬುಧವಾರ ಕರದು, ಇನ್ನ ನೀವು ಬರೂದು ಬ್ಯಾಡ ಅಂದ್ರು."

ಅಜ್ಜ ಒದ್ದೆ ಧೋತರದ ಒಂದು ತುದಿ ಅವನ ಕೈಗೆ ಕೊಟ್ಟರು. ಇಬ್ಬರೂ ಸೇರಿ ಹಿಂಡಿದರು.

ಫಕೀರೇಶ ಆಶ್ರಮದಲ್ಲಿ ಉಳಿದ. ಅಂಗಳ ಗುಡಿಸಿದ, ನೀರು ಹೊತ್ತ. ಯಾರದಾದರೂ ಫೋನ್ ರಿಂಗಣಿಸಿದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದ. ತನ್ನದಲ್ಲ ಎಂದು ತಿಳಿದ ಮೇಲೂ ಒಂದು ಗಳಿಗೆ ನಿಂತೇ ಇರುತ್ತಿದ್ದ.

ಒಂದು ಸೋಮವಾರ ಬೆಳಿಗ್ಗೆ ಅವನು ಕಸಬರಿಗೆ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ. ಅಜ್ಜ ಬಂದರು.

"ಏನ್ ನೆನಸಾಕತ್ತಿ?"

"ಹತ್ತು ಗಂಟೆ ಆತ್ರಿ. ಸೋಮವಾರ ಈ ಹೊತ್ತಿಗೆ ನಮ್ಮ ಮೀಟಿಂಗ್. ಏನರೆ ಕೆಟ್ಟಿದ್ರ ಮ್ಯಾನೇಜರ್ ಎಲ್ಲಾರನ್ನೂ ಬಿಟ್ಟು ನನ್ನ ಕಡೆ ನೋಡ್ತಿದ್ರು. ಫಕೀರೇಶ್, ಇದು ನಿಮಗೊಬ್ರಿಗೇ ಗೊತ್ತು ಅಂತಿದ್ರು." ಅವನ ದನಿ ಇಳಿಯಿತು. "ಪಗಾರಕ್ಕಿಂತ ಆ ಮಾತು ಹೆಚ್ಚು ನೆನಪಾಗ್ತೈತ್ರಿ. ಇನ್ನೊಮ್ಮೆ ಯಾರರೆ ಅಂದಾರೇನ್ರಿ?"

ಅಜ್ಜ ಪಕ್ಕದಲ್ಲಿ ಕೂತರು. ನೀರು ಹರಿಯುತ್ತಿತ್ತು. ಬಿಸಿಲು ಮೂರು ಮೆಟ್ಟಿಲು ಇಳಿಯಿತು.

"ಮೀಟಿಂಗ್ ಎಷ್ಟಕ್ಕ ಮುಗೀತಿತ್ತು?"

"ಹನ್ನೊಂದಕ್ಕ."

"ಹನ್ನೊಂದಾತು. ಏಳು, ಕಾಯಿಪಲ್ಲೆ ಹೆಚ್ಚೂದೈತಿ."

ಆಶ್ರಮದ ಓದುವ ಕೋಣೆಗೆ ದಿನವೂ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಹೆಸರು ವಿಮಲಾಕ್ಷಿ. ಕಂಪ್ಯೂಟರ್ ಓದಿ ಎರಡು ವರ್ಷ ಕೆಲಸ ಮಾಡಿದ್ದವಳು. ಹೆರಿಗೆಗೆಂದು ಬಿಟ್ಟ ಕೆಲಸಕ್ಕೆ ಒಂಬತ್ತು ವರ್ಷವಾದರೂ ಮರಳಲು ಆಗಿರಲಿಲ್ಲ. ಇಬ್ಬರು ಮಕ್ಕಳನ್ನು ಶಾಲೆಗೆ ಬಿಟ್ಟು, ಬಸ್ಸು ಹಿಡಿದು ಬಂದು, ಹಳೆಯ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದಳು. ಮಧ್ಯಾಹ್ನದ ಬಸ್ಸಿಗೆ ಓಡುತ್ತಿದ್ದಳು.

"ನಿನಗ ಬರೂದನ್ನ ಈಕಿಗೆ ಹೇಳಿಕೊಡು," ಎಂದರು ಅಜ್ಜ.

ಫಕೀರೇಶ ಹೇಳಿಕೊಡತೊಡಗಿದ. ಚೆನ್ನಾಗಿಯೇ ಕಲಿಸಿದ. ಹಳೆಯ ಪ್ರೋಗ್ರಾಂಗಳನ್ನು ಅವಳ ಮುಂದೆ ಹರವಿ, ಇದು ಹೀಗೆ, ಅದು ಹಾಗೆ ಎಂದ. ಒಂದು ದಿನ ಅವಳು ಎರಡು ತಾಸು ಹುಡುಕಿದ ತಪ್ಪನ್ನು ಅವನು ಬಂದು ನಿಂತಲ್ಲೇ ಬೆರಳಿಟ್ಟು ತೋರಿಸಿದ.

ವಿಮಲಾಕ್ಷಿ ಬೆರಗಾದಳು. "ಸರ್, ತಪ್ಪು ಇಲ್ಲೇ ಐತಿ ಅಂತ ನಿಮಗ ಹೆಂಗ ಗೊತ್ತಾತ್ರಿ?"

"ರೂಢಿ," ಎಂದ ಫಕೀರೇಶ.

"ರೂಢಿ ಆಗೂದು ಹೆಂಗ್ರಿ? ಮೊದಲು ಎಲ್ಲಿ ನೋಡ್ತೀರಿ?"

"ರೂಢೀರಿ. ತಾನಾ ಬರ್ತೈತಿ."

ಬಾಗಿಲಲ್ಲಿ ನಿಂತಿದ್ದ ಅಜ್ಜ ಅದನ್ನು ಕೇಳಿಸಿಕೊಂಡು ಹೊರಟುಹೋದರು.

ಮರುದಿನ ಬೆಳಿಗ್ಗೆ ಅಜ್ಜ ಅವನನ್ನು ಕರೆದರು. "ಆಚಿ ದಂಡಿ ಕುಂಬಾರರ ಮನ್ಯಾಗ ಎರಡು ಗಡಿಗಿ ಹೇಳೀನಿ. ತೊಗೊಂಡ್ ಬಾ."

"ಹೊಳಿ ಎಲ್ಲಿ ದಾಟಬೇಕ್ರಿ?"

"ನಾ ದಿನಾ ದಾಟ್ತೀನಿ."

"ಅದ್ರಿ, ಎಲ್ಲಿ?"

"ರೂಢಿ ಅಪಾ. ತಾನಾ ಬರ್ತೈತಿ."

ಫಕೀರೇಶ ಧೋತರ ಮೇಲೆ ಕಟ್ಟಿ ಇಳಿದ. ನಾಲ್ಕು ಹೆಜ್ಜೆಗೆ ನೀರು ಮೊಣಕಾಲಿಗೆ ಬಂತು. ಐದನೆಯದಕ್ಕೆ ಎದೆಗೆ ಬಂತು. ಕಾಲ ಕೆಳಗಿನ ಕಲ್ಲು ಜಾರಿತು. ನೀರು ಕುಡಿದು, ಕೆಮ್ಮುತ್ತ, ಕೈಗೆ ಸಿಕ್ಕ ಬೇರು ಹಿಡಿದು ದಡ ಸೇರಿದ.

ಅಜ್ಜ ಟವೆಲ್ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು.

"ಅಲ್ಲಿ ಮಡು ಐತಿ ಅಂತ ನಿಮಗ ಗೊತ್ತಿತ್ತು!" ಫಕೀರೇಶ ಸಿಟ್ಟಿನಿಂದ ಕೂಗಿದ.

"ಗೊತ್ತಿತ್ತು."

"ಮತ್ಯಾಕ ಹೇಳಲಿಲ್ರಿ?"

"ಹೇಳಿದ್ರ ನಾಳೆ ನೀನೂ ದಾಟ್ತಿ. ಆಮ್ಯಾಲೆ ನನ್ನ ಯಾರು ಕೇಳ್ತಾರ?"

ಫಕೀರೇಶ ಟವೆಲ್ ತೆಗೆದುಕೊಂಡ. ಮುಖ ಒರೆಸಿಕೊಂಡ. ಬಹಳ ಹೊತ್ತು ಟವೆಲ್ಲನ್ನು ಮುಖದಿಂದ ತೆಗೆಯಲಿಲ್ಲ.

ಅಂದು ಅವನು ವಿಮಲಾಕ್ಷಿಯ ಎದುರು ಕೂತು ತಪ್ಪು ಹುಡುಕುವ ಬಗೆಯನ್ನೆಲ್ಲ ಹೇಳಿದ. ಮೊದಲು ಕೊನೆಯ ಸಾಲಿನಿಂದ ಹಿಂದಕ್ಕೆ ಓದಬೇಕು. ತಪ್ಪು ಕಂಡಲ್ಲಿ ತಪ್ಪಿರುವುದಿಲ್ಲ, ಅದಕ್ಕಿಂತ ಮೇಲೆ ಎಲ್ಲೋ ಹುಟ್ಟಿರುತ್ತದೆ. ಎರಡು ಕಡೆ ಒಂದೇ ಹೆಸರು ಇದ್ದರೆ ಅಲ್ಲೇ ಅನುಮಾನ ಪಡಬೇಕು. ಹದಿನಾರು ವರ್ಷದಲ್ಲಿ ಯಾರಿಗೂ ಹೇಳದ್ದನ್ನು ಒಂದು ಮಧ್ಯಾಹ್ನದಲ್ಲಿ ಹೇಳಿ ಮುಗಿಸಿದ. ಅವಳು ಬಸ್ಸು ತಪ್ಪಿಸಿಕೊಂಡು ಬರೆದುಕೊಂಡಳು.

ಸಂಜೆ ಅವನು ಅಜ್ಜನ ಬಳಿ ಬಂದ. "ಎಲ್ಲಾ ಹೇಳಿಬಿಟ್ಟೆರಿ. ಕೈ ಬರಿದಾದಂಗ ಆಗೇತಿ."

"ಬರಿದಾಗಲಿ," ಎಂದರು ಅಜ್ಜ. "ಕೈ ತೊಳಕೊಂಡು ಬಾ, ಉಣ್ಣೂಣು."

ಹದಿನೈದು ದಿನ ಕಳೆಯಿತು. ನಗರದ ಒಂದು ಕಂಪನಿಯಿಂದ ಫಕೀರೇಶನಿಗೆ ಕರೆ ಬಂತು. ಸಹಕಾರಿ ಬ್ಯಾಂಕುಗಳ ಹಳೆಯ ಪ್ರೋಗ್ರಾಂ ನೋಡಿಕೊಳ್ಳಲು ಒಬ್ಬರು ಬೇಕು. ಶುಕ್ರವಾರ ಸಂದರ್ಶನ. ಅವನಿಗೆ ಹೇಳಿ ಮಾಡಿಸಿದಂಥ ಕೆಲಸ. ಆ ದಿನ ಅವನು ಅಂಗಳವನ್ನು ಎರಡು ಸಲ ಗುಡಿಸಿದ.

ಮರುದಿನ ವಿಮಲಾಕ್ಷಿ ಓಡುತ್ತಲೇ ಬಂದಳು.

"ಸರ್, ಸಂದರ್ಶನಕ್ಕ ಕರದಾರ್ರಿ. ಒಂಬತ್ತು ವರ್ಷದಾಗ ಮೊದಲನೇ ಸಲ!"

ಅದೇ ಕಂಪನಿ. ಅದೇ ಶುಕ್ರವಾರ. ಅದೇ ಒಂದು ಕೆಲಸ.

"ತಾರೀಖಿನ ಲೆಕ್ಕ ನನಗ ಇನ್ನೂ ತಿಳಿದಿಲ್ರಿ," ಎಂದಳು ಅವಳು. "ವರ್ಷ ಬದಲಾದಾಗ ಈ ಹಳೇ ಪ್ರೋಗ್ರಾಂ ಯಾಕ ತಪ್ಪತಾವು ಅಂತ. ನಾಳೆ ಹೇಳಿಕೊಡ್ತೀರೇನ್ರಿ?"

ಸಂದರ್ಶನದಲ್ಲಿ ಕೇಳುವುದೇ ಅದನ್ನು ಎಂದು ಫಕೀರೇಶನಿಗೆ ಗೊತ್ತಿತ್ತು. ಬ್ಯಾಂಕಿನ ಹಳೆಯ ಪ್ರೋಗ್ರಾಂ ಕೈಗೆ ಕೊಡುವವರು ಮತ್ತೇನು ಕೇಳುತ್ತಾರೆ?

ಅವಳು ಹೋದ ಮೇಲೆ ಅವನು ಅಜ್ಜನನ್ನು ಹುಡುಕಿಕೊಂಡು ಹೋದ.

"ಅಜ್ಜಾರ, ನಾಳೆ ನಾ ಊರಿಗೆ ಹೋಗಿ ಬರ್ಲೇನ್ರಿ?"

"ಏನ್ ಕೆಲಸ?"

"ಏನಿಲ್ರಿ. ನಾಳೆ ಇಲ್ಲಿರೂದು ಬ್ಯಾಡ ಅನ್ನಿಸ್ತು."

ಫಕೀರೇಶ ತಡೆಯಲಾರದೆ ಎಲ್ಲವನ್ನೂ ಹೇಳಿದ.

"ಇರೂದು ಒಂದ ನೌಕರಿ ರಿ. ಕಲಿಸಿದ್ರ ಆಕಿಗೆ ಆಗ್ತೈತಿ. ಬಿಟ್ರ ನನಗ. ನಾ ಏನ್ ಮಾಡ್ಲಿ?"

"ಆಕಿ ಎಷ್ಟಕ್ಕ ಬರ್ತಾಳ?"

"ಒಂಬತ್ತಕ್ಕ."

"ಚಾಪಿ ಧೂಳಾಗ್ಯಾವು. ಝಾಡಿಸಿ ಹಾಸು."

ಮರುದಿನ ಒಂಬತ್ತಕ್ಕೆ ಚಾಪೆ ಹಾಸಿತ್ತು. ಫಕೀರೇಶ ಅದರ ಮೇಲೆ ಕೂತಿದ್ದ.

"ಮೊದಲು ಒಂದು ಮಾತು," ಎಂದ. "ಆ ಕೆಲಸಕ್ಕ ನನ್ನೂ ಕರದಾರ."

ವಿಮಲಾಕ್ಷಿ ತೆರೆಯುತ್ತಿದ್ದ ಪುಸ್ತಕ ಮುಚ್ಚಿದಳು. "ಹಂಗಾರ ನೀವು ನನಗ ಯಾಕ..."

"ಅದನ್ನ ಕೇಳಬ್ಯಾಡ್ರಿ, ನಾ ಎದ್ದುಬಿಟ್ಟೇನು. ಬರಕೋರಿ."

ಮಧ್ಯಾಹ್ನದವರೆಗೆ ಕಲಿಸಿದ. ಒಂದನ್ನೂ ಬಿಡಲಿಲ್ಲ.

ಶುಕ್ರವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದರು. ಒಂದೇ ಬೆಂಚಿನ ಮೇಲೆ ಕಾದರು. ಎಂಟು ದಿನಕ್ಕೆ ಪತ್ರ ಬಂತು. ವಿಮಲಾಕ್ಷಿಗೆ.

ಅವಳು ಪೇಡೆ ತಂದಳು. ಫಕೀರೇಶನ ಕಾಲು ಮುಟ್ಟಲು ಬಗ್ಗಿದಳು. ಅವನು ಹಿಂದೆ ಸರಿದು, "ಛಲೋ ಆತ್ರಿ, ಛಲೋ ಆತು," ಎಂದ. ಪೇಡೆ ಬಾಯಿಗೆ ಹಾಕಿಕೊಂಡ. ಅವಳ ಬಸ್ಸು ತಿರುವು ದಾಟುವ ತನಕ ನಗುತ್ತಲೇ ಇದ್ದ. ಆಮೇಲೆ ಹೊಳೆಯ ಕಡೆ ನಡೆದ.

ಅಜ್ಜ ಹಿಂದೆಯೇ ಬಂದರು.

"ಖುಷಿ ಆಗೇತ್ರಿ," ಎಂದ ಫಕೀರೇಶ. "ಹೊಟ್ಟ್ಯಾಗ ಬೆಂಕಿನೂ ಬಿದ್ದೈತಿ. ಯಾವುದು ಖರೆ ತಿಳೀವಲ್ದು."

"ಎರಡೂ."

"ಬೆಂಕಿ ಆರೂದಿಲ್ಲೇನ್ರಿ?"

"ಇವತ್ತ ಆರಂಗಿಲ್ಲ," ಎಂದರು ಅಜ್ಜ.

ಫಕೀರೇಶ ಅಳತೊಡಗಿದ. ಕೆಲಸ ಹೋದಾಗಿನಿಂದ ಅತ್ತಿರಲಿಲ್ಲ. ಅಜ್ಜ ಅಲ್ಲೇ ಇದ್ದರು.

ಒಂದು ತಿಂಗಳ ಮೇಲೆ, ಒಂದು ಭಾನುವಾರ, ವಿಮಲಾಕ್ಷಿ ಮಕ್ಕಳನ್ನು ಕರೆದುಕೊಂಡು ಬಂದಳು. ಮಕ್ಕಳು ಅಂಗಳಕ್ಕೆ ಓಡಿದರು. ಅವಳು ಚಾಪೆಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು.

"ಸರ್, ನಮ್ಮ ಆಫೀಸಿನ್ಯಾಗ ಹೊಸಾ ನಮೂನಿ ಪ್ರೋಗ್ರಾಂ ಬರಿಯೂದು ಕಲಿಸಾಕತ್ತಾರ್ರಿ. ಈಗಿನ ಸಂದರ್ಶನದಾಗೆಲ್ಲಾ ಇದನ್ನ ಕೇಳ್ತಾರಂತ. ನನಗ ತಿಳದಷ್ಟು ನಿಮಗ ಹೇಳ್ತೀನಿ."

ಫಕೀರೇಶ ತಡವರಿಸಿದ. ಅವಳಿಗಿಂತ ಏಳು ವರ್ಷ ದೊಡ್ಡವನು. ಅವಳಿಗೆ ಅಕ್ಷರ ತಿದ್ದಿಸಿದಂತೆ ಕಲಿಸಿದವನು.

"ತಲಿ ಓಡಂಗಿಲ್ರಿ ನನಗ, ಈ ವಯಸ್ಸಿನ್ಯಾಗ," ಎಂದ.

"ನನಗೂ ಓಡ್ತಿರಲಿಲ್ರಿ," ಎಂದಳು ಅವಳು. "ಬರಕೋರಿ."

ಅವಳು ಹನ್ನೊಂದು ಭಾನುವಾರ ಬಂದಳು. ಅವನು ಅವಳ ಮುಂದೆ ತಪ್ಪಿದ, ತಿದ್ದಿಕೊಂಡ, ಮತ್ತೆ ತಪ್ಪಿದ. ನಡುವೆ ಮೂರು ಸಂದರ್ಶನಕ್ಕೆ ಹೋಗಿ ಬಂದ. ಮೂರೂ ಆಗಲಿಲ್ಲ.

ನಾಲ್ಕನೆಯದು ಆಸ್ಪತ್ರೆಗಳಿಗೆ ಪ್ರೋಗ್ರಾಂ ಬರೆಯುವ ಒಂದು ಸಣ್ಣ ಕಂಪನಿ. ಕೇಳುವವನಿಗೆ ಇಪ್ಪತ್ತಾರೂ ದಾಟಿರಲಿಲ್ಲ. ಅವನು ಕೇಳಿದ ಆರು ಪ್ರಶ್ನೆಗಳಲ್ಲಿ ಎರಡಕ್ಕೆ ಫಕೀರೇಶನಲ್ಲಿ ಉತ್ತರವಿರಲಿಲ್ಲ. ಮೊದಲಾಗಿದ್ದರೆ ಏನಾದರೂ ಹೇಳಿ ಮುಚ್ಚುತ್ತಿದ್ದ.

"ಗೊತ್ತಿಲ್ಲ," ಎಂದ. "ಹೇಳಿಕೊಟ್ರ ಕಲೀತೀನಿ."

ಆ ಹುಡುಗ ಪೆನ್ನು ಕೆಳಗಿಟ್ಟು ಅವನನ್ನೇ ನೋಡಿದ.

ಕೆಲಸ ಸಿಕ್ಕಿತು. ಹಿಂದಿನದಕ್ಕಿಂತ ಎರಡು ಮೆಟ್ಟಿಲು ಕೆಳಗಿನದು. ಸೋಮವಾರದಿಂದಲೇ ಬರಬೇಕು ಎಂದಿದ್ದರು.

ಫಕೀರೇಶ ಚೀಲ ಕಟ್ಟಿಕೊಂಡು ಅಜ್ಜನ ಬಳಿ ಬಂದ. ನಮಸ್ಕರಿಸಿದ. ಹೊರಡಲಿಲ್ಲ.

"ಇನ್ನೇನು?"

"ಹಗಲು ರಾತ್ರಿ ಇದನ್ನ ಬಯಸಿದ್ದೆರಿ. ಈಗ ಕೈಯಾಗ ಐತಿ, ಆದ್ರ ಅಂಜಿಕಿ ಆಗಾಕತ್ತೈತಿ. ಇದೂ ಹೋದ್ರ?"

"ಹೋಗ್ತೈತಿ," ಎಂದರು ಅಜ್ಜ. "ಎಲ್ಲಾ ನೌಕರಿನೂ ಒಂದಿನ ಹೋಗ್ತಾವು."

"ಮತ್ತ ನಾ ಉಳಿಸಿಕೊಳ್ಳೂದು ಏನ್ರಿ?"

ಅಜ್ಜ ಎದ್ದು, ಅವನ ಚೀಲದ ಜಾರಿದ ಪಟ್ಟಿಯನ್ನು ಹೆಗಲಿಗೆ ಸರಿಪಡಿಸಿದರು.

"ಹೋದ ಕೂಡ್ಲೆ, ನಿನ್ನ ಬಾಜೂಕ ಕುಂತಾವರ ಹೆಸರು ಕೇಳು."