ಕೊಟ್ರನ ಉಲ್ಟಾ ಇಂಗ್ಲಿಷ್

ಹತ್ರ ಸರಿದು ಕೂತ್ಕೊಳ್ರಿ, ಹಾಲವ್ವನ ಮಗ ಕೊಟ್ರ ಇಂಗ್ಲಿಷ್ ಕಲಿತ ಸುದ್ದಿ ಹೇಳ್ತೀನಿ.

ಹಾಲವ್ವ ಬಸ್‌ಸ್ಟ್ಯಾಂಡ್ ಹತ್ರ ಮಿರ್ಚಿ ಬಜ್ಜಿ ಮಾರೋಳು. ಗಂಡ ಇಲ್ಲ. ಇರೋನು ಒಬ್ಬನೇ ಮಗ. ಅವನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೆಣ್ಣು ಕೇಳಿದ ಕಡೆಯೆಲ್ಲಾ ಬೇಡ ಅಂದ್ರು. ಕೊನೆಗೆ ಒಬ್ರು, "ನಮ್ಮ ಹುಡುಗಿ ಶಿಶುವಿಹಾರದಲ್ಲಿ ಟೀಚರ್. ಹುಡುಗನಿಗೆ ನಾಕು ಮಾತು ಇಂಗ್ಲಿಷ್ ಬಂದ್ರೆ ಸಾಕು, ಬಂದು ನೋಡ್ತೀವಿ" ಅಂದ್ರು.

ಹಾಲವ್ವ ಮಗನ್ನ ಇಂಗ್ಲಿಷ್ ಮೇಷ್ಟ್ರ ಮುಂದೆ ಕೂರಿಸಿದ್ಲು. ಮೇಷ್ಟ್ರು ಅಂದ್ರು, "ನೋಡಪ್ಪಾ, ನಾನು ಒಂದಂದ್ರೆ ನೀನು ಅದರ ಉಲ್ಟಾ ಅನ್ನಬೇಕು. ಹಾಟ್?"

"ಕೋಲ್ಡ್!"

"ಫುಲ್?"

"ಎಮ್ಟಿ!"

"ಭೇಷ್! ಇಂಗ್ಲಿಷ್ ಕಿವಿಗೆ ಬಿತ್ತೋ, ಉಲ್ಟಾ ಅಂದುಬಿಡು!"

ಆಗಲಿ ಅಂದ. ಮನೆಗೆ ಹೋಗೋಕೆ ಬಸ್ ಹತ್ತಿದ. ಕಂಡಕ್ಟರ್ "ರೈಟ್!" ಅಂದ. ಕೊಟ್ರ ಡ್ರೈವರ್ ಕಿವಿಗೆ ಬಾಯಿಟ್ಟು "ಲೆಫ್ಟ್!" ಅಂತ ಕೂಗಿದ. ಡ್ರೈವರ್ ಹೊಸಬ, ಬೆಚ್ಚಿಬಿದ್ದು ಎಡಕ್ಕೆ ತಿರುಗಿಸಿದ. ಬಸ್ಸು ಕಬ್ಬಿನ ಹಾಲಿನ ಅಂಗಡಿಗೆ ನುಗ್ತು! ಜನ ಚದುರಿ ಬದುಕಿದ್ರು, ಕಬ್ಬು ಪುಡಿಪುಡಿ. ಅಂಗಡಿಯವನು ಕೊಟ್ರನ ಕೊರಳಪಟ್ಟಿ ಹಿಡಿದು ಹಾಲವ್ವನ ಮುಂದೆ ತಂದು ನಿಲ್ಲಿಸಿದ. ಹಾಲವ್ವ ಮಗನ್ನ ಬೈದ್ಲು:

"ಲೇ ಎಬಡಾ! ನಿನ್ನ ಬಾಯಿಗೆ ಬೆಂಕಿ ಹಾಕ! ಇಂಗ್ಲಿಷ್ ಕೇಳಿದ್ರೆ ಬಾಯಿ ಬಿಡಬೇಡ! ಬಾಯಿ ಮುಚ್ಕೊಂಡು ಕೈ ಆಡಿಸು!"

ಆಗಲಿ ಅಂದ. ಮಾರನೇ ದಿನ ಬಜ್ಜಿ ಗಾಡಿ ಹತ್ರ ಕೂತ. ಗಿರಾಕಿ ಬಂದ. "ಹಾಟ್ ಹಾಟಾಗಿ ಮಿರ್ಚಿ ಕೊಡಪ್ಪಾ!"

ಕೊಟ್ರ ಬಾಯಿ ಬಿಡಲಿಲ್ಲ. ಬಾಣಲೆಯಿಂದ ಮಿರ್ಚಿ ತೆಗೆದ, ನೀರಿನ ಬಕೆಟ್ಟಿಗೆ ಅದ್ದಿದ, ತೊಟ್ಟಿಕ್ಕೋ ಮಿರ್ಚಿನ ಕೈಗಿಟ್ಟ! ಇನ್ನೊಬ್ಬ "ನಂಗೆ ಫುಲ್ ಪ್ಲೇಟ್" ಅಂದ. ಅವನಿಗೆ ಖಾಲಿ ಪ್ಲೇಟ್ ಕೊಟ್ಟ! ಗಿರಾಕಿಗಳು ಉಗಿದು ಎದುರುಗಡೆ ಗಾಡಿಗೆ ಹೋದ್ರು.

ಹಾಲವ್ವ ಜಾಲರಿ ಸೌಟು ಎತ್ತಿಕೊಂಡೇ ಬಂದ್ಲು. "ಹೊಟ್ಟೆ ಮೇಲೆ ಹೊಡೆದ್ಯಲ್ಲೋ! ನಾನು ಸತ್ರೆ ನಿಂಗೆ ಕೂಳು ಹಾಕೋರು ಯಾರೋ? ಕೇಳಿಸ್ಕೋ! ಯಾರಾದ್ರೂ ಬಾಯಿಬಿಟ್ಟು 'ಆಪೋಸಿಟ್' ಅಂದ್ರೆ ಮಾತ್ರ ಉಲ್ಟಾ ಹೇಳು! ಬೇರೆ ಹೊತ್ತು ಬೇಡ!"

ಆಗಲಿ ಅಂದ. ಬೀಗರು ಬರೋ ದಿನ ಬಂತು. ಕೊಟ್ರ ಹೊಸ ಅಂಗಿ ಹಾಕ್ಕೊಂಡು ಬೀದಿ ತುದೀಲಿ ನಿಂತಿದ್ದ. ಹುಡುಗಿ ಅಪ್ಪ ಬಸವಲಿಂಗಪ್ಪನೋರು ಮಗಳ ಜೊತೆ ಬಂದು ಕೇಳಿದ್ರು, "ತಮ್ಮಾ, ಪೊಲೀಸ್ ಸ್ಟೇಷನ್ ಆಪೋಸಿಟ್ ಮನೆ ಯಾವುದಪ್ಪಾ?"

ಆಪೋಸಿಟ್ ಅಂದ್ರಲ್ಲ! ಕೊಟ್ರನಿಗೆ ಖುಷಿ ಆಯ್ತು. "ಪೊಲೀಸ್ ಆಪೋಸಿಟ್ಟು ಕಳ್ಳ! ಕಳ್ಳರ ಮನೆ ಸಾರ್!"

"ಹಾಲವ್ವನ ಮನೆ ಕಣಪ್ಪಾ!"

"ಹೌದು ಸಾರ್, ಅದೇ!"

ಬಸವಲಿಂಗಪ್ಪ ಮಗಳ ಕೈ ಹಿಡಿದು ಬಂದ ದಾರಿಗೇ ತಿರುಗಿದ್ರು. ಬಾಗಿಲಲ್ಲಿ ನಿಂತು ನೋಡಿದ ಹಾಲವ್ವ ಬರಿಗಾಲಲ್ಲಿ ಓಡಿ ಅಡ್ಡ ನಿಂತ್ಲು, ಕಣ್ಣೀರು ಹಾಕಿದ್ಲು, ಹೇಗೋ ಒಪ್ಪಿಸಿದ್ಲು. ಅವರು ಮನೆಯೊಳಗೆ ಬರೋ ಮುಂಚೆ ಮಗನ್ನ ಒಳಗೆಳೆದು ಕಿವಿ ಹಿಂಡಿದ್ಲು.

"ಪಾಪಿ! ಮುಂಡೇದೇ! ಸಾಕು ನಿನ್ನ ಇಂಗ್ಲಿಷ್! ಇನ್ಮೇಲೆ ಈ ಮನೇಲಿ ಇಂಗ್ಲಿಷ್ ಇರಬಾರದು! ಇಂಗ್ಲಿಷ್ ಬಂತೋ, ಹೊರಗೆ ಹಾಕು!"

ಆಗಲಿ ಅಂದ.

ಬೀಗರು ಬಂದು ಕೂತ್ರು. ಹುಡುಗಿ ನಾಚಿಕೊಂಡು, "ಗುಡ್ ಮಾರ್ನಿಂಗ್" ಅಂದ್ಲು.

ಕೊಟ್ರ ಎದ್ದ. ಹುಡುಗಿನ ಕುರ್ಚಿ ಸಮೇತ ಎತ್ತಿದ, ಹೊರಗೆ ಜಗಲಿ ಮೇಲೆ ಇಟ್ಟ!

"ಹಲೋ ಮಿಸ್ಟರ್! ಏನಿದು?" ಅಂತ ಬಸವಲಿಂಗಪ್ಪ ಅಬ್ಬರಿಸಿದ್ರು. ಅವರನ್ನೂ ರಟ್ಟೆ ಹಿಡಿದು ಹೊರಗೆ ಹಾಕಿದ!

ಹಾಲವ್ವ ಎದೆ ಎದೆ ಬಡ್ಕೊಂಡು ಕೂಗಿದ್ಲು, "ಅಯ್ಯೋ! ಸಾರಿ ಸಾರ್! ಸಾರಿ!"

ಕೊಟ್ರ ಅವ್ವನ ಮುಖ ನೋಡಿದ. ಒಂದು ಗಳಿಗೆ ಯೋಚನೆ ಮಾಡಿದ. ಅವ್ವನ್ನೂ ಹೊರಗೆ ಹಾಕಿ ಅಗಳಿ ಹಾಕಿದ!

"ಬಾಗಿಲು ತೆಗಿಯೋ! ಕತ್ತೆ! ನಾನು ನಿಮ್ಮವ್ವ ಕಣೋ!" ಹಾಲವ್ವ ಬಾಗಿಲು ಗುದ್ದಿದ್ಲು.

ಕೊಟ್ರ ಬೀಗರಿಗೆ ಮಾಡಿದ್ದ ಶಿರಾ ತಿಂತಾ ಒಳಗಿಂದ ಅಂದ, "ಸುಮ್ನಿರವ್ವಾ! ಇಂಗ್ಲಿಷ್ ಒಂದೂ ಒಳಗೆ ಉಳಿದಿಲ್ಲ!"